ಆಪರೇಷನ್‌ಗೆ ಮುಂಚೆ ಮಾತ್ರೆ ಚೀಲ ಬಿಚ್ಚಿ

ಕೇಳುಗರಿಗೆ ನಮಸ್ಕಾರ. ಕಣ್ಣಾಸ್ಪತ್ರೆಯಲ್ಲಿ 26 ವರ್ಷ ನರ್ಸ್ ಆಗಿ ದುಡಿದು ಈಗ ನಿವೃತ್ತಳಾಗಿದ್ದೇನೆ. ಪೊರೆ ಆಪರೇಷನ್ನಿಗೆ ಬಂದವರನ್ನು ಕೂರಿಸಿ ವಿವರ ಬರೆದುಕೊಳ್ಳುವುದು, ಕಣ್ಣಿಗೆ ಹನಿ ಹಾಕಿ ಒಳಗೆ ಕಳಿಸುವುದು, ಹೆಚ್ಚಾಗಿ ಇದೇ ನನ್ನ ಕೆಲಸ. ಒಳಗೆ ನಡೆಯುವುದನ್ನು ಡಾಕ್ಟರೇ ಹೇಳಲಿ. ನನ್ನದು ಬಾಗಿಲ ಹೊರಗಿನ ಮಾತು.

ಒಬ್ಬ ಯಜಮಾನರು ನೆನಪಾಗುತ್ತಾರೆ. ಎಪ್ಪತ್ತರ ಆಸುಪಾಸು, ಅಡಿಕೆ ತೋಟದವರು. "ಏನೇನು ಮಾತ್ರೆ ತಗೋತೀರಿ ಯಜಮಾನ್ರೇ?" ಅಂದೆ. "ಬಿಪಿದು ಒಂದು, ಅಷ್ಟೇ ತಾಯಿ" ಅಂದರು. ಪಕ್ಕದಲ್ಲಿ ಸೊಸೆ ಕೂತಿದ್ದಳು. ಅವಳನ್ನು ಚೀಟಿ ಮಾಡಿಸಿಕೊಂಡು ಬಾ ಎಂದು ಕಳಿಸಿದೆ. ಅವಳು ಅತ್ತ ಹೋದದ್ದೇ ತಡ, ಎಲೆಅಡಿಕೆ ಸಂಚಿಯೊಳಗಿನ ಸುಣ್ಣದ ಡಬ್ಬಿಯ ಅಡಿಯಿಂದ ಒಂದು ಸ್ಟ್ರಿಪ್ಪು ಹೊರಬಂತು. ಬೆಳ್ಳಿ ಹಾಳೆಗೆಲ್ಲ ಸುಣ್ಣ ಮೆತ್ತಿತ್ತು. "ರಾತ್ರಿ ನಾಲ್ಕಾರು ಸಲ ಎದ್ದು ಹೋಗ್ಬೇಕಲ್ಲ, ಅದಕ್ಕೆ ಕೊಟ್ಟಿದ್ದು. ಸೊಸೆ ಮುಂದೆ ಹೆಂಗೆ ಹೇಳ್ಲಿ? ಕಣ್ಣಿಗೂ ಇದಕ್ಕೂ ಏನು ಸಂಬಂಧ?" ಅಂದರು.

ಸಂಬಂಧ ಇದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಎಂಬ ಔಷಧ ಮೂತ್ರದ ದಾರಿಯ ಸ್ನಾಯುವನ್ನು ಸಡಿಲಿಸುತ್ತದೆ. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಸ್ನಾಯುವೂ ಅದೇ ಜಾತಿಯದು, ಅದೂ ಸಡಿಲಾಗುತ್ತದೆ. ಪೊರೆ ಇರುವುದು ಪಾಪೆಯ ಹಿಂದೆ. ಪಾಪೆ ಅಗಲವಾಗಿ ತೆರೆದು ನಿಂತರೆ ಡಾಕ್ಟರ ಕೆಲಸ ಸಲೀಸು. ಸುತ್ತಲಿನ ಪರದೆ ಜೋಲು ಬಿದ್ದರೆ ಆಪರೇಷನ್ ನಡುವೆಯೇ ಪಾಪೆ ಕುಗ್ಗುತ್ತ ಬರುತ್ತದೆ. ಅಮೆರಿಕದ ಇಬ್ಬರು ವೈದ್ಯರು ಈ ನಂಟನ್ನು ಗುರುತಿಸಿ ಬರೆದದ್ದು 2005ರಲ್ಲಿ. ಹಿಂದಿನ ದಿನ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಬಿಟ್ಟು ಬಹಳ ಕಾಲ ಆದವರಲ್ಲೂ ಹೀಗಾಗುತ್ತದೆ. ಮೊದಲೇ ಗೊತ್ತಿದ್ದರೆ ಪಾಪೆಯನ್ನು ಹಿಡಿದು ನಿಲ್ಲಿಸುವ ಪುಟ್ಟ ಕೊಕ್ಕೆಗಳನ್ನು, ಉಂಗುರವನ್ನು ಡಾಕ್ಟರು ಸಿದ್ಧ ಮಾಡಿಕೊಳ್ಳುತ್ತಾರೆ. ಗೊತ್ತಾಗಬೇಕು, ಅಷ್ಟೇ.

ಆದ್ದರಿಂದ ಆಸ್ಪತ್ರೆಗೆ ಬರುವಾಗ ಮಾತ್ರೆ ಚೀಲವನ್ನೇ ತನ್ನಿ. ಹಸಿರು ಮಾತ್ರೆ, ಅರ್ಧ ಮಾತ್ರೆ ಎಂದು ಬಾಯಲ್ಲಿ ಹೇಳಿದರೆ ನಮಗೆ ತಿಳಿಯುವುದಿಲ್ಲ. ನಾಟಿ ಔಷಧದ ಪುಡಿ ಇದ್ದರೆ ಅದೂ ಬರಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸಬೇಡಿ. ಕಣ್ಣು ಉಳಿಸಲು ಹೋಗಿ ಹೃದಯಕ್ಕೆ ಕುತ್ತು ತಂದುಕೊಂಡ ಹಾಗಾದೀತು. ಶುಗರ್ ಇದ್ದವರು ಆ ದಿನದ ಮಾತ್ರೆ, ಇನ್ಸುಲಿನ್, ತಿಂಡಿ ಮೂರನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಉಪವಾಸ ಇರಬೇಕೇನೋ ಎಂದು ತಾವೇ ಊಹಿಸಿ, ಇನ್ಸುಲಿನ್ ಮಾತ್ರ ಚುಚ್ಚಿಕೊಂಡು ಬಂದು ಬೆವರಿ ಕೂತವರನ್ನು ನೋಡಿದ್ದೇನೆ.

"ಪೊರೆ ಬಲೀಲಿ, ಆಮೇಲೆ ನೋಡೋಣ" ಅನ್ನುವವರು ಈಗಲೂ ಇದ್ದಾರೆ. ಅದು ಹಳೇ ಕಾಲದ ಮಾತು, ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 1940ರ ದಶಕದಿಂದ ಊರೂರಲ್ಲಿ ಶಿಬಿರ ಹಾಕಿ, ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಇದೆ. ಪೊರೆ ತೆಗೆದ ಮೇಲೆ ಸೋಡಾಬುಡ್ಡಿ ಕನ್ನಡಕವೇ ಗತಿಯಾಗಿದ್ದ ದಿನಗಳು ಅವು. ಕಣ್ಣೊಳಗೆ ಕೃತಕ ಲೆನ್ಸ್ ಕೂರಿಸುವುದನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಶುರು ಮಾಡಿದ್ದರೂ ನಮ್ಮ ಹಳ್ಳಿಗಳಿಗೆ ಅದು ಬರಲು ದಶಕಗಳೇ ಬೇಕಾದವು. ಈಗ ಪೊರೆ ಅತಿಯಾಗಿ ಗಟ್ಟಿಯಾದಷ್ಟೂ ಅದನ್ನು ಒಡೆದು ತೆಗೆಯುವುದು ಕಷ್ಟ. ಬೇಸಿಗೆ ಕಳೆಯಲಿ ಎಂದು ಕಾಯುವುದೂ ಬೇಕಿಲ್ಲ.

ಲೆನ್ಸಿನ ಪವರ್ ಗೊತ್ತುಮಾಡಲು ಕಣ್ಣಿನ ಉದ್ದ ಅಳೆಯುತ್ತಾರೆ. ಅದು ಸುಮಾರು 23 ಮಿಲಿಮೀಟರ್. ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರು ಎರಡೂವರೆಯಷ್ಟು ಆಚೀಚೆ ಆಗುತ್ತದೆ. ಅಳತೆಯ ಹೊತ್ತಿನಲ್ಲಿ ಮಾತಾಡದೆ ದೀಪವನ್ನೇ ನೋಡುತ್ತಾ ಕೂರಿ. ಆದರೆ ಯಂತ್ರ ಅಳೆಯಲಾರದ್ದೊಂದಿದೆ. ಹೂ ಕಟ್ಟಿ ಮಾರುವ ಹೆಂಗಸೊಬ್ಬರಿಗೆ ದೂರದ್ದೆಲ್ಲ ಚೆನ್ನಾಗಿ ಕಾಣುವ ಲೆನ್ಸ್ ಕೂರಿತ್ತು. ಬಸ್ಸಿನ ಬೋರ್ಡು ಸಲೀಸಾಗಿ ಓದಿದರು, ಮಲ್ಲಿಗೆ ಮೊಗ್ಗಿನ ತೊಟ್ಟು ಮಾತ್ರ ಕಾಣಲಿಲ್ಲ. "ಬಸ್ಸು ನನಗ್ಯಾಕವ್ವ, ದಾರ ಕಾಣಬೇಕಿತ್ತು" ಅಂದರು. ಹತ್ತಿರದ ಕನ್ನಡಕ ಕೊಟ್ಟೆವು, ಅದನ್ನು ಹಾಕಿಕೊಂಡೇ ಹೂ ಕಟ್ಟಿದರು. ಸಾಮಾನ್ಯ ಲೆನ್ಸ್ ದೂರಕ್ಕೋ ಹತ್ತಿರಕ್ಕೋ, ಒಂದಕ್ಕೆ ಹೊಂದಿಕೊಂಡಿರುತ್ತದೆ, ಇನ್ನೊಂದಕ್ಕೆ ಕನ್ನಡಕ. ದುಬಾರಿ ಲೆನ್ಸ್‌ಗಳಲ್ಲಿ ಎರಡೂ ಕಂಡರೂ ಕೆಲವರಿಗೆ ರಾತ್ರಿ ದೀಪದ ಸುತ್ತ ಪ್ರಭಾವಳಿ ಕಾಣುತ್ತದೆ. ದಿನವಿಡೀ ನಿಮ್ಮ ಕೈ ಏನು ಮಾಡುತ್ತದೆ ಎಂದು ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಮನೆಯಲ್ಲಿ ಒಂದು ಅಭ್ಯಾಸ ಮಾಡಿ. ದಿಂಬು ತೆಗೆದು, ಮುಖದ ಮೇಲೆ ತೆಳ್ಳನೆಯ ಬಟ್ಟೆ ಹಾಕಿಕೊಂಡು ಅರ್ಧ ಗಂಟೆ ಅಂಗಾತ ಮಲಗಿ. ಹೆಚ್ಚಿನವರಿಗೆ ಎಚ್ಚರವಿರುವಾಗಲೇ ಆಪರೇಷನ್ ನಡೆಯುತ್ತದೆ, ಕಣ್ಣು ಮಾತ್ರ ಮರಗಟ್ಟಿರುತ್ತದೆ. ಕೆಮ್ಮು ಬರುತ್ತದೋ, ಉಸಿರು ಕಟ್ಟುತ್ತದೋ, ನೋಡಿಕೊಂಡು ಮೊದಲೇ ತಿಳಿಸಿ. ಹಿಂದಿನ ದಿನ ತಲೆಸ್ನಾನ ಮುಗಿಸಿ. ಆಮೇಲೆ ಡಾಕ್ಟರು ಹೇಳುವ ತನಕ ತಲೆಗೆ ನೀರಿಲ್ಲ. ಕಾಡಿಗೆ, ಕುಂಕುಮ, ವಿಭೂತಿ ಆ ದಿನ ಬೇಡ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹನಿ ಹಾಕುವವರು ಯಾರು ಎಂಬುದನ್ನೂ ಮೊದಲೇ ನಿಶ್ಚಯಿಸಿ, ಅದು ವಾರಗಟ್ಟಲೆಯ ಕೆಲಸ. ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ. ಬಾಟಲಿ ಮೂತಿ ಕಣ್ಣಿಗೆ ತಾಗಬಾರದು. ಎರಡನೇ ಔಷಧಕ್ಕೆ ಮುಂಚೆ ಐದು ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಮೊದಲನೆಯದು ತೊಳೆದುಹೋಗುತ್ತದೆ. ಗಡಿಯಾರದ ಮುಳ್ಳು ಕಾಣದ ಅಜ್ಜಿಯೊಬ್ಬರು ಅದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದರು: ರೇಡಿಯೋದಲ್ಲಿ ಒಂದು ಹಾಡು ಪೂರ್ತಿ ಮುಗಿದರೆ ಎರಡನೇ ಹನಿ. ನನ್ನ ಹೊತ್ತು ಮುಗಿಯಿತು, ಈಗ ಬರುವುದು ಹಾಡೇ ಇರಬೇಕು. ನಮಸ್ಕಾರ.