ಸೊಪ್ಪಿನ ಒಗರೂ ಹಸುವಿನ ಹೊಟ್ಟೆಯೂ

ರೈತ ಬಾಂಧವರೇ, ನಮಸ್ಕಾರ. ಹಸಿ ಅಡಿಕೆ ಅಗಿದರೆ ನಾಲಿಗೆ ದೊರಗಾಗುತ್ತದಲ್ಲ, ಅದು ಟ್ಯಾನಿನ್ ಕೆಲಸ. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅದು ಅಂಟಿಕೊಂಡು ಗಂಟು ಕಟ್ಟುತ್ತದೆ, ಬಾಯಿ ಒಗರಾಗುತ್ತದೆ. ಸುಬಾಬುಲ್, ಕ್ಯಾಲಿಯಾಂಡ್ರದಂಥ ದ್ವಿದಳ ಮೇವಿನ ಸೊಪ್ಪಿನಲ್ಲೂ ಈ ಜಾತಿಯ ಸಾಂದ್ರ ಟ್ಯಾನಿನ್ ಇದೆ. ಹಸು ಅಗಿದು ಎಲೆಯ ಜೀವಕೋಶ ಒಡೆದ ಮೇಲೆ ಅದು ಎಲೆಯದೇ ಪ್ರೋಟೀನನ್ನು ಹಿಡಿಯುತ್ತದೆ.

ಹಿಡಿದರೆ ಲಾಭವೋ ನಷ್ಟವೋ? ದೊಡ್ಡ ಹೊಟ್ಟೆ, ಅಂದರೆ ರೂಮೆನ್‌ನಲ್ಲಿ, ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 6ರಿಂದ 7. ಅಲ್ಲಿ ಈ ಗಂಟು ಬಿಡುವುದಿಲ್ಲ, ಸೂಕ್ಷ್ಮಾಣುಗಳಿಗೆ ಪ್ರೋಟೀನು ಸುಲಭವಾಗಿ ಸಿಗುವುದಿಲ್ಲ. ನಾಲ್ಕನೆಯ ಹೊಟ್ಟೆಯಲ್ಲಿ ಪಿಎಚ್ 3ಕ್ಕಿಂತ ಕೆಳಗಿಳಿದಾಗ ಗಂಟು ಸಡಿಲವಾಗಿ, ಪ್ರೋಟೀನು ಸಣ್ಣ ಕರುಳಿನಲ್ಲಿ ಜೀರ್ಣವಾಗುತ್ತದೆ. ಟ್ಯಾನಿನ್ ಹಿಡಿಯದಿದ್ದರೆ ಆ ಪ್ರೋಟೀನಿನ ಬಹುಪಾಲು ರೂಮೆನ್‌ನಲ್ಲೇ ಅಮೋನಿಯಾ ಆಗಿ, ಹೆಚ್ಚಾದದ್ದು ಯೂರಿಯಾ ರೂಪದಲ್ಲಿ ಗಂಜಲಕ್ಕೆ ಹೋಗುತ್ತಿತ್ತು. ಕುದುರೆಮೆಂತ್ಯದ ಎಲೆಯಲ್ಲಿ ಈ ಟ್ಯಾನಿನ್ ಇಲ್ಲವೆಂದೇ ಹೇಳಬಹುದು. ಎಳೆಯದನ್ನು ಹಸಿದ ದನ ಗಬಗಬನೆ ತಿಂದರೆ ಕರಗಿದ ಪ್ರೋಟೀನು ನೊರೆಗಟ್ಟಿ ಹೊಟ್ಟೆ ಉಬ್ಬರಿಸುವುದಕ್ಕೆ ಅದೂ ಒಂದು ಕಾರಣ.

ಇಷ್ಟು ಕೇಳಿ ಎಲ್ಲರೂ ಒಗರು ಸೊಪ್ಪು ಹಾಕಲು ಹೊರಡಬೇಡಿ. ಒಟ್ಟು ಮೇವಿನ ಒಣತೂಕದಲ್ಲಿ ಟ್ಯಾನಿನ್ ಶೇ. 2ರಿಂದ 4 ಇದ್ದರೆ ಸಾಮಾನ್ಯವಾಗಿ ಒಳ್ಳೆಯದು. ಶೇ. 5–6 ದಾಟಿದರೆ ದನ ಮೇವು ಬಿಡುತ್ತದೆ, ನಾರು ಜೀರ್ಣಿಸುವ ಸೂಕ್ಷ್ಮಾಣುಗಳೂ ಸೊರಗುತ್ತವೆ. ಲೆಕ್ಕ ಹೀಗೆ: ದಿನಕ್ಕೆ 10 ಕೆ.ಜಿ. ಒಣತೂಕದಷ್ಟು ಮೇಯುವ ಹಸುವಿಗೆ ಶೇ. 6 ಟ್ಯಾನಿನ್ ಇರುವ ಸೊಪ್ಪನ್ನು ಮೂರರಲ್ಲಿ ಒಂದು ಪಾಲು ಕೊಟ್ಟರೆ, ಒಟ್ಟಿನಲ್ಲಿ ಶೇ. 2 ಆಯಿತು. ಒಂದು ಪಾಲೆಂದರೆ ಹಸಿಯಾಗಿ ಸುಮಾರು 12 ಕೆ.ಜಿ. ಸೊಪ್ಪಿನ ಟ್ಯಾನಿನ್ ತಳಿ, ಮಣ್ಣು, ಎಲೆಯ ಪ್ರಾಯಕ್ಕೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ಕೈ ಬಿಗಿಹಿಡಿಯುವುದೇ ಲೇಸು.

ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲು ಹಾಕುವವರು ಇನ್ನೂ ಎಚ್ಚರ ವಹಿಸಬೇಕು. ಒಣಹುಲ್ಲಿನಲ್ಲಿ ಪ್ರೋಟೀನೇ ಕಡಿಮೆ. ಇದ್ದ ಅಲ್ಪಸ್ವಲ್ಪವನ್ನೂ ಟ್ಯಾನಿನ್ ಹಿಡಿದಿಟ್ಟರೆ ಸೂಕ್ಷ್ಮಾಣುಗಳಿಗೆ ಅಮೋನಿಯಾ ಸಾಲದೆ ಹುಲ್ಲೂ ಜೀರ್ಣವಾಗುವುದಿಲ್ಲ. ಅಂಥಲ್ಲಿ ಶೇಂಗಾ ಹಿಂಡಿ ಜೊತೆಗಿರಲಿ, ಇಲ್ಲವೇ ಒಗರಿಲ್ಲದ ಅಲಸಂದೆ ಸೊಪ್ಪು. ಹೊಸ ಸೊಪ್ಪನ್ನು ಸ್ವಲ್ಪಸ್ವಲ್ಪವಾಗಿ, ಎರಡು ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ತನ್ನಿ. ಸಗಣಿ ಗಟ್ಟಿಯಾಗಿ ಮೇವು ಉಳಿಯತೊಡಗಿದರೆ ಪಾಲು ಇಳಿಸಿ.

ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ಬೇರೆ ವಿಷವೂ ಇದೆ, ಈ ಲೆಕ್ಕ ಅದಕ್ಕೆ ಅನ್ವಯಿಸದು. ಅತಿಯಾದರೆ ಕೂದಲು ಉದುರುತ್ತದೆ, ಥೈರಾಯಿಡ್ ಊದುತ್ತದೆ. ಹಾಗಾಗಿ ದನಕ್ಕೆ ಮೂರರಲ್ಲಿ ಒಂದು ಪಾಲನ್ನು ದಾಟಿಸಬೇಡಿ. ಕುದುರೆ, ಮೊಲ, ಹಂದಿಗಳಿಗೆ ಆ ಸೊಪ್ಪನ್ನು ಹಾಕಲೇಬೇಡಿ.