ಮಗನ ಜೇಬಿನ ಕೀಲಿಕೈ: 1952ರ ‘ಮೈ ಸನ್ ಜಾನ್’ ಇವತ್ತು ನೋಡಿದರೆ

[ಪರದೆ ಮೇಲೆ: ಕಪ್ಪು-ಬಿಳುಪು. ಬಾಗಿಲು, ಬೀಗ, ಒಂದು ಹೆಂಗಸಿನ ಕೈ.]

ನಮಸ್ಕಾರ. ಒಬ್ಬ ತಾಯಿಗೆ ಮಗನ ಹರಿದ ಪ್ಯಾಂಟಿನಲ್ಲಿ ಒಂದು ಕೀಲಿಕೈ ಸಿಗುತ್ತದೆ. ಅದನ್ನು ಹಿಡಿದುಕೊಂಡು ಅವಳು ವಿಮಾನ ಹತ್ತಿ ವಾಷಿಂಗ್ಟನ್‌ಗೆ ಹೋಗುತ್ತಾಳೆ. ಬೇಹುಗಾರಿಕೆ ಆರೋಪ ಹೊತ್ತ ಒಬ್ಬ ಹುಡುಗಿಯ ಮನೆ ಮುಂದೆ ನಿಲ್ಲುತ್ತಾಳೆ. ಬೀಗಕ್ಕೆ ಕೀಲಿ ಹಾಕುತ್ತಾಳೆ. ಅದು ಸರಿಯಾಗಿ ಕೂರುತ್ತದೆ.

ಆ ಕ್ಷಣಕ್ಕೆ ತಾಯಿ ಪಾತ್ರ ಮಾಡಿದ ಹೆಲೆನ್ ಹೇಯ್ಸ್ ಮುಖ ನೋಡಬೇಕು ನೀವು. ನಾನು ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಿನಿಮಾ ಹೆಸರು ‘ಮೈ ಸನ್ ಜಾನ್’. ನಿರ್ದೇಶಕ ಲಿಯೋ ಮೆಕೇರಿ. 1952ರಲ್ಲಿ ಪ್ಯಾರಾಮೌಂಟ್ ತೆರೆಗೆ ತಂದಿತು. ಕಮ್ಯುನಿಸ್ಟರ ಬಗ್ಗೆ ಜನರನ್ನು ಎಚ್ಚರಿಸಬೇಕು ಅಂತಲೇ ಮಾಡಿದ ಚಿತ್ರ ಇದು.

ಆ ಕಾಲ ಹೇಗಿತ್ತು ಅಂತ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. 1947ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ ಹಾಲಿವುಡ್ ಮಂದಿಯನ್ನು ಕರೆಸಿ ವಿಚಾರಣೆ ಮಾಡಿತು. ನೀವು ಕಮ್ಯುನಿಸ್ಟ್ ಪಕ್ಷದಲ್ಲಿದ್ದೀರಾ, ಹಿಂದೆ ಯಾವಾಗಲಾದರೂ ಇದ್ದಿರಾ ಅಂತ ಪ್ರಶ್ನೆ. ಹತ್ತು ಜನ ಉತ್ತರ ಕೊಡಲು ಒಪ್ಪಲಿಲ್ಲ. ಅವರು ಕೆಲಸ ಕಳೆದುಕೊಂಡರು, ಆಮೇಲೆ ಜೈಲಿಗೂ ಹೋದರು. ನಂತರ ಹೀಗೆ ಕೆಲಸ ಕೊಡಬಾರದವರ ಕಪ್ಪುಪಟ್ಟಿ ಬೆಳೆಯುತ್ತಾ ಹೋಯಿತು. ಅದೇ ಸಮಿತಿ ಮುಂದೆ ಮೆಕೇರಿ ಕೂಡ ಕೂತಿದ್ದರು. ಆದರೆ ಸಮಿತಿಯ ಪರ ಸಾಕ್ಷಿಯಾಗಿ. ತಮ್ಮ ಹಿಂದಿನ ಸಿನಿಮಾಕ್ಕೆ ರಷ್ಯಾದಿಂದ ಒಂದು ರೂಬಲ್ ಕೂಡ ಬಂದಿಲ್ಲ, ಯಾಕೆಂದರೆ ಅದರಲ್ಲಿ ಅಲ್ಲಿನವರಿಗೆ ಇಷ್ಟವಾಗದ ಪಾತ್ರ ಒಂದಿದೆ, ಅದು ದೇವರು ಅಂದಿದ್ದರು. ಆ ನಂಬಿಕೆ ನಾಟಕವಲ್ಲ. ಈ ಸಿನಿಮಾದ ಒಂದೊಂದು ಫ್ರೇಮಿನಲ್ಲೂ ಅದು ಕಾಣುತ್ತದೆ.

[ಪರದೆ ಮೇಲೆ: ಸಣ್ಣ ಊರಿನ ಮನೆ, ಭಾನುವಾರ.]

ಕಥೆಗೆ ಬರೋಣ. ಜೆಫರ್ಸನ್ ಅಂತ ಒಂದು ಕುಟುಂಬ. ಅಪ್ಪ ಡ್ಯಾನ್ ಶಾಲಾ ಮೇಷ್ಟ್ರು, ಮಾಜಿ ಸೈನಿಕರ ಸಂಘದ ಕಟ್ಟಾ ಸದಸ್ಯ. ಅಮ್ಮ ಲೂಸಿಲ್. ಮೂರು ಗಂಡುಮಕ್ಕಳು. ಇಬ್ಬರು ಫುಟ್‌ಬಾಲ್ ಆಡಿಕೊಂಡು ಬೆಳೆದವರು, ಈಗ ಸೈನ್ಯದ ಸಮವಸ್ತ್ರ ತೊಟ್ಟು ಕೊರಿಯಾ ಯುದ್ಧದ ಕಡೆ ಹೊರಟಿದ್ದಾರೆ. ಇನ್ನೊಬ್ಬ ಜಾನ್. ತುಂಬಾ ಓದಿದವನು, ವಾಷಿಂಗ್ಟನ್‌ನಲ್ಲಿ ಸರ್ಕಾರಿ ಕೆಲಸ. ತಮ್ಮಂದಿರನ್ನು ಕಳಿಸಿಕೊಡುವ ಊಟಕ್ಕೆ ಅವನು ಬರುವುದಿಲ್ಲ. ಒಂದು ವಾರ ತಡವಾಗಿ ಬರುತ್ತಾನೆ.

ಇಲ್ಲಿಂದ ಗಮನ ಇಟ್ಟು ನೋಡಿ. ಜಾನ್ ಮೇಲೆ ನಮಗೆ ಅನುಮಾನ ಹುಟ್ಟಿಸಲು ಸಿನಿಮಾ ಏನೇನು ಬಳಸುತ್ತದೆ? ಅವನು ಹೆಚ್ಚು ಓದಿದ್ದಾನೆ. ಚರ್ಚಿನ ಪಾದ್ರಿ ಜೊತೆ ಚುಚ್ಚಿ ಮಾತಾಡುತ್ತಾನೆ. ಅಪ್ಪ ಬರೆದ ಭಾಷಣ ಕೇಳಿ ತುಟಿಯಂಚಿನಲ್ಲಿ ನಗುತ್ತಾನೆ. ಅವನಿಗೆ ಫುಟ್‌ಬಾಲ್ ಬರುವುದಿಲ್ಲ. ಅಷ್ಟೇ! ಯಾವ ಗುಟ್ಟು ಕದ್ದ, ಯಾರ ಕೈಗೆ ಕೊಟ್ಟ ಅನ್ನುವುದು ತೆರೆ ಮೇಲೆ ಬರುವುದೇ ಇಲ್ಲ. ಅವನು ಬೇಹುಗಾರ ಅಂತ ಆಮೇಲೆ ಗೊತ್ತಾಗುತ್ತದೆ, ನಿಜ. ಆದರೆ ಅದಕ್ಕೆ ಮುಂಚೆಯೇ ನಾವು ಅವನನ್ನು ತಪ್ಪಿತಸ್ಥ ಅಂತ ತೀರ್ಮಾನಿಸಿಬಿಟ್ಟಿರುತ್ತೇವೆ. ನನಗೆ ಭಯವಾಗುವುದು ಇಲ್ಲೇ. ಊರು ಬಿಟ್ಟು ಓದಲು ಹೋಗಿ, ಬೇರೆ ಮಾತು ಕಲಿತು ವಾಪಸ್ ಬಂದ ಮಗ ಯಾವ ಮನೆಯಲ್ಲಿಲ್ಲ ಹೇಳಿ?

ಒಂದು ಮಾತು ಸ್ಪಷ್ಟವಾಗಿರಲಿ. ಸೋವಿಯತ್ ಬೇಹುಗಾರರು ಬರೀ ಕಟ್ಟುಕಥೆ ಅಲ್ಲ. ‘ವೆನೋನಾ’ ಹೆಸರಿನಲ್ಲಿ ಅಮೆರಿಕ ಭೇದಿಸಿದ್ದ ಸೋವಿಯತ್ ಗುಪ್ತ ಸಂದೇಶಗಳು 1995ರಲ್ಲಿ ಬಹಿರಂಗವಾದವು. ಅಮೆರಿಕ ಸರ್ಕಾರದ ಒಳಗೇ ಬೇಹುಗಾರರಿದ್ದರು ಅನ್ನುವುದು ಅದರಿಂದ ಗಟ್ಟಿಯಾಯಿತು. ಹಾಗಾಗಿ ಆಗಿನವರ ಭಯವನ್ನು ಸುಮ್ನೆ ಹುಚ್ಚು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಭಯ ಮನೆಯೊಳಗೆ ನುಗ್ಗಿದಾಗ ಏನು ಮಾಡಿತು ಅನ್ನುವುದು ನನ್ನ ಪ್ರಶ್ನೆ.

ಬೈಬಲ್ ದೃಶ್ಯವನ್ನೇ ತೆಗೆದುಕೊಳ್ಳಿ. ನಾನು ಕಮ್ಯುನಿಸ್ಟ್ ಅಲ್ಲ ಅಂತ ಜಾನ್ ಬೈಬಲ್ ಮುಟ್ಟಿ ಅಮ್ಮನಿಗೆ ಆಣೆ ಮಾಡುತ್ತಾನೆ. ಅವಳಿಗೆ ಅಷ್ಟೇ ಸಾಕು, ಮಗನ ಮಾತು ನಂಬುತ್ತಾಳೆ. ಅಪ್ಪ ನಂಬುವುದಿಲ್ಲ. ವಾದ ಏರುತ್ತದೆ. ಅಪ್ಪ ಅದೇ ಬೈಬಲ್ ಎತ್ತಿ ಮಗನ ತಲೆಗೆ ಬಾರಿಸುತ್ತಾನೆ. ಮಗ ಬೀಳುತ್ತಾನೆ, ಪ್ಯಾಂಟು ಹರಿಯುತ್ತದೆ. ಮೊದಲಲ್ಲಿ ಕಂಡ ಕೀಲಿಕೈ ಇದ್ದದ್ದು ಅದೇ ಪ್ಯಾಂಟಿನಲ್ಲಿ. 1952ರ ಸಿನಿಮಾ ಆ ಅಪ್ಪನ ಪರ ನಿಲ್ಲುತ್ತದೆ. ಒರಟ, ಆದರೆ ಒಳ್ಳೆಯವನು ಅನ್ನುತ್ತದೆ. ಇವತ್ತು ನೋಡುವಾಗ ನನ್ನ ಕಣ್ಣು ಆ ಅಪ್ಪನ ಕೈಯಿಂದ ಆಚೆ ಹೋಗುವುದಿಲ್ಲ.

ನಂತರ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ ಬರುತ್ತಾನೆ. ಪಾತ್ರ ಮಾಡಿರುವುದು ವ್ಯಾನ್ ಹೆಫ್ಲಿನ್. ಮೃದು ಮಾತು, ಒಳ್ಳೆಯ ನಡತೆ. ತನಿಖೆ ಮಾಡುವವನು ಅಂತ ಮೊದಲು ಹೇಳಿಕೊಳ್ಳುವುದೂ ಇಲ್ಲ. ಆ ತಾಯಿಯ ಮನಸ್ಸೊಳಗೆ ಅವನು ನಿಧಾನಕ್ಕೆ ಕೈ ಹಾಕುತ್ತಾನೆ. ಕೊನೆಗೆ ಅವನ ಎದುರಲ್ಲೇ ಅವಳು ಮಗನಿಗೆ ತಪ್ಪೊಪ್ಪಿಕೋ ಅಂತ ಅಂಗಲಾಚುತ್ತಾಳೆ. ಮೈದಾನದ ಅಂಚಿನಲ್ಲಿ ನಿಂತು ಆ ಇಬ್ಬರು ಮಕ್ಕಳನ್ನು ಹುರಿದುಂಬಿಸಿದ್ದ ಹಾಗೆಯೇ, ಫುಟ್‌ಬಾಲ್ ಮುಟ್ಟದ ಈ ಮಗನನ್ನೂ ಕೂಗಿ ಹುರಿದುಂಬಿಸುತ್ತಾಳೆ. ಹೆತ್ತ ಕರುಳು ಹೀಗೆ ಒದ್ದಾಡುವುದನ್ನು ನೋಡುವುದು ಕಷ್ಟ. ಪ್ರಚಾರ, ರಾಜಕೀಯ ಎಲ್ಲ ಮರೆತುಹೋಗುತ್ತದೆ. ಅವಳೊಬ್ಬಳೇ ಉಳಿಯುತ್ತಾಳೆ.

[ಪರದೆ ಮೇಲೆ: ರಾಬರ್ಟ್ ವಾಕರ್ ಫೋಟೋ.]

ಜಾನ್ ಪಾತ್ರ ಮಾಡಿದ ರಾಬರ್ಟ್ ವಾಕರ್ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಸಿನಿಮಾ ಇನ್ನೂ ಮುಗಿದಿರಲಿಲ್ಲ. 1951ರ ಆಗಸ್ಟ್‌ನಲ್ಲಿ ಆತ ತೀರಿಕೊಂಡರು. ವಯಸ್ಸು ಬರೀ 32. ಮೆಕೇರಿ ಕೊನೆಯ ಭಾಗವನ್ನೇ ಬದಲಾಯಿಸಬೇಕಾಯಿತು. ವಾಕರ್ ಅದಕ್ಕೆ ಸ್ವಲ್ಪ ಮುಂಚೆ ಹಿಚ್‌ಕಾಕ್ ಅವರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ನಲ್ಲಿ ನಟಿಸಿದ್ದರು. ಅದರಲ್ಲಿ ಅವರ ಪಾತ್ರ ಸಾಯುವ ದೃಶ್ಯದ ತುಣುಕುಗಳನ್ನು ತಂದು ಇಲ್ಲಿ ಜೋಡಿಸಿದರು. ಹಾಗಾಗಿ ಜಾನ್ ಸಾಯುವಾಗ ನಾವು ನೋಡುವ ಮುಖ ಬೇರೆ ಸಿನಿಮಾದ್ದು. ಇದು ಗೊತ್ತಾದ ಮೇಲೆ ಆ ದೃಶ್ಯ ನೋಡುವುದೇ ಬೇರೆ ಅನುಭವ.

ಮನಸ್ಸು ಬದಲಿಸಿದ ಜಾನ್ ಲಿಂಕನ್ ಸ್ಮಾರಕದ ಮೆಟ್ಟಿಲ ಬಳಿ ಕೊಲೆಯಾಗುತ್ತಾನೆ. ಅದಕ್ಕೆ ಮುಂಚೆ ತನ್ನ ಹಳೇ ಕಾಲೇಜಿನ ಪದವಿ ಸಮಾರಂಭಕ್ಕಾಗಿ ಒಂದು ಭಾಷಣ ಟೇಪ್ ಮಾಡಿಟ್ಟಿರುತ್ತಾನೆ. ಸಭೆ ಸೇರುತ್ತದೆ. ಭಾಷಣ ಮಾಡುವ ಜಾಗದಲ್ಲಿ ಯಾರೂ ಇಲ್ಲ. ಟೇಪ್ ತಿರುಗುತ್ತದೆ. ನಾನು ಬೇಹುಗಾರ, ನನ್ನ ದಾರಿಗೆ ನೀವು ಬರಬೇಡಿ ಅಂತ ಸತ್ತ ಮಗನ ದನಿ ಹೇಳುತ್ತದೆ. ಮೇಲಿನಿಂದ ಒಂದು ಬೆಳಕು ಆ ಖಾಲಿ ಜಾಗದ ಮೇಲೆ ಬೀಳುತ್ತದೆ. ಅಪ್ಪ, ಅಮ್ಮ ಅಲ್ಲೇ ಕೂತು ಕೇಳುತ್ತಾರೆ.

ದೇವರ ಕೃಪೆ ಅಂತ ತೋರಿಸಲು ಮೆಕೇರಿ ಆ ಬೆಳಕು ಇಟ್ಟರು. ನನಗೆ ಕಂಡದ್ದು ಆ ಬೆಳಕಿನ ಕೆಳಗೆ ಮಗ ಇಲ್ಲ ಅನ್ನುವುದು.