ಗಿಡ ನೆಡಿ, ಕೋಲ್ಡ್ ರೂಮನ್ನೂ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೋಟೆಲಿನವರಿದ್ದೀರಿ, ಗೇರುಬೀಜ ಫ್ಯಾಕ್ಟರಿಯವರು, ಮಲ್ಪೆಯಿಂದ ಬಂದ ಮೀನಿನ ವ್ಯಾಪಾರದವರು, ಬೈಕಂಪಾಡಿಯಲ್ಲಿ ಸಣ್ಣ ಯೂನಿಟ್ ನಡೆಸುವವರು ಎಲ್ಲ ಇದ್ದೀರಿ. ಹವಾಮಾನ ಅಂದ್ರೆ ಸರ್ಕಾರದ ಕೆಲಸ ಅಲ್ವಾ, ನಾವೆಂತ ಮಾಡ್ಲಿಕ್ಕುಂಟು ಅಂತ ಸುಮಾರು ಜನ ಕೇಳ್ತಾರೆ. 2070ಕ್ಕೆ ನೆಟ್ ಝೀರೋ, ಅಂದ್ರೆ ಗಾಳಿಗೆ ಬಿಟ್ಟಷ್ಟೇ ಕಾರ್ಬನ್ ವಾಪಸ್ ತೆಗೆಯೋದು, ಅಂತ ದೇಶ 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿ ಆಗಿದೆ, ಅಷ್ಟೊತ್ತಿಗೆ ನಿಮ್ಮ ಮೊಮ್ಮಕ್ಕಳು ಗಲ್ಲಾದಲ್ಲಿ ಕೂತಿರ್ತಾರೆ. ಆದ್ರೆ ಬರುವ ತಿಂಗಳು ಯಾವ ಕಂಪ್ರೆಸರ್ ತಗೊಳ್ಳೋದು, ಯಾವ ಬಾಯ್ಲರ್ ಇಡೋದು ಅಂತ ತೀರ್ಮಾನ ಮಾಡೋದು ನೀವೇ, ಅದಕ್ಕೆ ಟೆಂಡರ್ ಬೇಡ ಫೈಲ್ ಬೇಡ. ಅದಕ್ಕೇ ನಾನು ಮೊದಲು ನಿಮ್ಮ ಹತ್ರ ಕೇಳೋದು.

ಜೂನ್ 5ಕ್ಕೆ, ಪರಿಸರ ದಿನ ಅಂತ, ಗಿಡ ನೆಟ್ಟು ಫೋಟೋ ತೆಗೀತೇವೆ. ನೆಡಿ, ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದ್ರೆ ನಿಮ್ಮ ವ್ಯಾಪಾರದ ಹೊಗೆ ಇರೋದು ಕರೆಂಟ್ ಬಿಲ್ಲಲ್ಲಿ, ಡೀಸೆಲ್ ರಸೀದಿಯಲ್ಲಿ, ಮತ್ತೆ ಯಾರೂ ನೋಡದ ಒಂದು ಕಡೆ, ಎಸಿ ಮೆಕ್ಯಾನಿಕ್ ಕೊಡುವ ಚೀಟಿಯಲ್ಲಿ.

ಈ ಚೀಟಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ. ವರ್ಷ ವರ್ಷ ಗ್ಯಾಸ್ ತುಂಬಿಸ್ತೇವೆ ಅಂತೀರಲ್ಲ, ಗ್ಯಾಸ್ ಖರ್ಚಾಗುವ ವಸ್ತು ಅಲ್ಲ, ಪೈಪಿನ ಒಳಗೇ ಸುತ್ತುತ್ತಾ ಇರ್ಬೇಕು, ಕಡಿಮೆ ಆಯ್ತು ಅಂದ್ರೆ ಎಲ್ಲೋ ಲೀಕ್ ಉಂಟು ಅಂತಲೇ ಅರ್ಥ. ಹಳೆ ಎಸಿ, ಹಳೆ ಕೋಲ್ಡ್ ರೂಮಿನ ಆರ್-22 ಗ್ಯಾಸ್ ಭೂಮಿಯನ್ನು ಬಿಸಿ ಮಾಡೋದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಜಾಸ್ತಿ. ಒಂದು ಕೆಜಿ ಲೀಕ್ ಆದ್ರೆ ಹತ್ತಿರ ಹತ್ತಿರ 670 ಲೀಟರ್ ಡೀಸೆಲ್ ಸುಟ್ಟ ಹಾಗೆ! ನಮ್ಮ ಐಸ್ ಪ್ಲಾಂಟಿನವರು ಅಮೋನಿಯಾ ಬಳಸ್ತಾರೆ, ಅದರಿಂದ ಈ ತೊಂದರೆ ಇಲ್ಲ, ಆದ್ರೆ ಸೋರಿದ್ರೆ ಉಸಿರಿಗೆ ಅಪಾಯ, ಹಾಗಾಗಿ ಕೆಲಸದವರ ಸೇಫ್ಟಿ ಬಿಡುವ ಹಾಗಿಲ್ಲ. ಹೊಸ ಎಸಿ ತಗೊಳ್ಳುವವರು ಆರ್-290, ಅಂದ್ರೆ ಭೂಮಿಯನ್ನು ತೀರಾ ಕಡಿಮೆ ಬಿಸಿ ಮಾಡುವ ಪ್ರೊಪೇನ್ ಗ್ಯಾಸ್, ಇರುವುದು ಉಂಟಾ ಅಂತ ಕೇಳಿ. ಇದ್ದದ್ದಕ್ಕೆ ಲೀಕ್ ಹುಡುಕಿಸಿ, ಬರೀ ತುಂಬಿಸಿ ಕಳಿಸಿದ್ರೆ ಒಪ್ಪಬೇಡಿ.

ಕರೆಂಟ್ ಲೆಕ್ಕ ಸುಲಭ. ಒಂದು ಯೂನಿಟಿಗೆ ಹೆಚ್ಚುಕಡಿಮೆ 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ತಿಂಗಳಿಗೆ 10,000 ಯೂನಿಟ್ ಆದ್ರೆ 7 ಟನ್, ಯಾಕೆಂದ್ರೆ ದೇಶದ ಕರೆಂಟಿನ ದೊಡ್ಡ ಪಾಲು ಈಗಲೂ ಕಲ್ಲಿದ್ದಲಿಂದಲೇ, ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಕರೆಂಟ್ ಪ್ಲಾಂಟೂ ಹಾಗೆಯೇ. ಮಳೆಗಾಲದಲ್ಲಿ ಇಲ್ಲಿ ಸೋಲಾರ್ ನಡೀತದಾ ಅಂತ ಕೇಳ್ತೀರಿ. ಜೂನ್ ಜುಲೈಯಲ್ಲಿ ಕಡಿಮೆ ಬರ್ತದೆ ಹೌದು, ಆದ್ರೆ ನಮ್ಮ ಹಾಗೆಯೇ ಜೋರು ಮಳೆ ಬೀಳುವ ಕೊಚ್ಚಿಯ ಏರ್‌ಪೋರ್ಟ್ 2015ರಲ್ಲೇ ಪೂರ್ತಿ ಸೋಲಾರಿಗೆ ಹೋಗಿದೆ, ಬೇಸಿಗೆಯಲ್ಲಿ ಜಾಸ್ತಿ ಆದದ್ದನ್ನು ಗ್ರಿಡ್ಡಿಗೆ ಕೊಟ್ಟು ಬೇಕಾದಾಗ ವಾಪಸ್ ತಗೊಳ್ತಾರೆ.

ಗೇರುಬೀಜದವರು ಸಿಪ್ಪೆಯನ್ನೇ ಬಾಯ್ಲರಿಗೆ ಹಾಕ್ತೀರಿ, ಕಲ್ಲಿದ್ದಲಿಗಿಂತ ಎಷ್ಟೋ ಒಳ್ಳೇದು, ಆದ್ರೆ ಎಣ್ಣೆ ತೆಗೀದೆ ಹಾಗೇ ಸುಟ್ಟ ಸಿಪ್ಪೆಯ ಹೊಗೆ ಅಕ್ಕಪಕ್ಕದವರ ಕಣ್ಣು ಉರಿಸ್ತದೆ, ಎಣ್ಣೆ ತೆಗೆದು ಉಳಿದ ಹಿಂಡಿ ಸುಡಿ, ಎಣ್ಣೆಗೆ ಬೇರೆ ರೇಟ್ ಸಿಗ್ತದೆ.

ಇನ್ನು ಕೇಳುವವರು ಮನೆ ಬಾಗಿಲಿಗೇ ಬರ್ತಿದ್ದಾರೆ. ಷೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿ 2022-23ರಿಂದ ಟಾಪ್ 1,000 ಲಿಸ್ಟೆಡ್ ಕಂಪನಿಗಳ ಹತ್ರ ಈ ಕಾರ್ಬನ್ ಲೆಕ್ಕ ತಗೊಳ್ತಿದೆ, ಅವರು ಮುಂದೆ ಮಾಲು ಕೊಡುವ ನಿಮ್ಮ ಹತ್ರ ಕೇಳ್ತಾರೆ. ಆದ್ರೆ ನನಗೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಕಡಲು. 2021ರ ಮೇ ತಿಂಗಳಲ್ಲಿ ತೌಕ್ತೆ ಸೈಕ್ಲೋನ್ ಬಂದಾಗ ಉಳ್ಳಾಲ, ಸೋಮೇಶ್ವರದಲ್ಲಿ ಏನಾಯ್ತು ಅಂತ ನೀವೇ ನೋಡಿದ್ದೀರಿ. ಅರಬ್ಬಿ ಸಮುದ್ರ ಬಿಸಿಯಾದ ಹಾಗೆ ಇಂಥ ಸೈಕ್ಲೋನ್ ಜಾಸ್ತಿ ಆಗ್ತಿದೆ, ಬೋಟು ಕಡಲಿಗೆ ಇಳಿಯದಿದ್ರೆ ಐಸ್ ಪ್ಲಾಂಟ್, ಲಾರಿ, ಹೋಟೆಲ್ ಎಲ್ಲದಕ್ಕೂ ಪೆಟ್ಟು.

ಕರೆಂಟ್ ಬಿಲ್ ತಂದಿದ್ದೀರಲ್ಲ, ಊಟಕ್ಕೆ ಮೊದಲು ಅದನ್ನು ಒಂದೊಂದಾಗಿ ನೋಡುವ. ಹೋಟೆಲಿನವರು ಮೊದಲು ಬನ್ನಿ.